ಹಳೆಯ ಮಿಯಾಟಾನಾ, ಹಳೆಯ ಬಾಕ್ಸ್‌ಟರಾ? ಎರಡನ್ನೂ ಸಾಕಿದವನ ಮಾರ್ಗದರ್ಶಿ

ಭಾನುವಾರ ಬೆಳಿಗ್ಗೆ ಆರೂವರೆಗೆ ಕ್ಯಾಲಿಫೋರ್ನಿಯಾದ ಸ್ಯಾರಟೋಗಾದಿಂದ ಹೈವೇ 9 ಹತ್ತಿದರೆ ರಸ್ತೆ ಖಾಲಿ ಇರುತ್ತದೆ. ಎರಡೂ ಕಡೆ ರೆಡ್‌ವುಡ್ ಮರಗಳು, ತಿರುವಿನ ಮೇಲೆ ತಿರುವು. ಮೊದಲ ಸಲ ಅಲ್ಲಿ ಹೋದಾಗ ನನಗೆ ನೆನಪಾಗಿದ್ದು ಚಾರ್ಮಾಡಿ ಘಾಟಿ. ಚಿಕ್ಕವನಿದ್ದಾಗ ಧರ್ಮಸ್ಥಳದ ಬಸ್ಸಿನಲ್ಲಿ ಮುಂದಿನ ಸೀಟು ಹಿಡಿದು, ಡ್ರೈವರ್ ಗೇರು ಬದಲಿಸುವುದನ್ನೇ ನೋಡುತ್ತಾ ಕೂರುತ್ತಿದ್ದೆ. ಕ್ಯಾಲಿಫೋರ್ನಿಯಾಕ್ಕೆ ಬಂದು ಕೆಲಸ ಒಂದು ಹದಕ್ಕೆ ಬಂದ ಮೇಲೆ, ಆ ಆಸೆ ಮತ್ತೆ ಎದ್ದಿತು.

ಹಾಗೆ ನನ್ನ ಮನೆಗೆ ಎರಡು ಹಳೆಯ ಸ್ಪೋರ್ಟ್ಸ್ ಕಾರು ಬಂದವು. ಒಂದು 2000ನೇ ಇಸವಿಯ ಮಾಜ್ದಾ ಮಿಯಾಟಾ. ಇನ್ನೊಂದು 2001ರ ಪೋರ್ಷೆ ಬಾಕ್ಸ್‌ಟರ್. ಎರಡೂ ಎರಡು ಸೀಟಿನವು, ಎರಡೂ ಕೈಯಲ್ಲಿ ಗೇರು ಹಾಕುವವು, ಎರಡರ ತಲೆಯ ಮೇಲೂ ಮಡಚುವ ಬಟ್ಟೆಯ ಟಾಪು. ಎರಡನ್ನೂ 10,000 ಡಾಲರ್ ಒಳಗೇ ಕೊಂಡೆ. ಮಿಯಾಟಾ ಈಗಲೂ ನನ್ನ ಹತ್ತಿರ ಇದೆ. ಬಾಕ್ಸ್‌ಟರ್ ನಾಲ್ಕು ವರ್ಷ ಇತ್ತು.

ಗೆಳೆಯರು ಕೇಳುವ ಪ್ರಶ್ನೆ ಒಂದೇ. "ಅದೇ ದುಡ್ಡಿಗೆ ಪೋರ್ಷೆ ಸಿಗುತ್ತೆ ಅಂದ್ರೆ ಮಾಜ್ದಾ ಯಾಕೆ ತಗೋಬೇಕು?" ಕೇಳುವುದು ಸರಿಯೇ. ಆದರೆ ಕೊಳ್ಳುವ ದಿನದ ಬೆಲೆ ಒಂದೇ ಇದ್ದ ಮಾತ್ರಕ್ಕೆ ಸಾಕುವ ಬೆಲೆ ಒಂದೇ ಆಗುವುದಿಲ್ಲ. ಎರಡು ಕಾರಿಗೂ ನಾನು ಒಂದೊಂದು ಲೆಕ್ಕದ ಪುಸ್ತಕ ಇಟ್ಟಿದ್ದೆ. ಹಾಕಿದ ಪ್ರತಿ ಎಣ್ಣೆ, ಬದಲಿಸಿದ ಪ್ರತಿ ಬೋಲ್ಟು ಅದರಲ್ಲಿದೆ. ಆ ಪುಸ್ತಕಗಳನ್ನು ಪಕ್ಕದಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಎರಡೂ ಎಂಥಾ ಕಾರು ಅಂತ ತಿಳಿದುಕೊಳ್ಳಿ

ಮಿಯಾಟಾವನ್ನು ಮಾಜ್ದಾ 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ತೋರಿಸಿತು. ಅಮೆರಿಕದ ಹೊರಗೆ ಹಲವು ಕಡೆ ಇದರ ಹೆಸರು ಎಂಎಕ್ಸ್-5. ಜಪಾನಿನ ಎಂಜಿನಿಯರುಗಳು ಮುಂದಿಟ್ಟುಕೊಂಡ ಮಾತು "ಜಿನ್ಬಾ ಇತ್ತಾಯ್". ಕುದುರೆ ಮತ್ತು ಸವಾರ ಒಂದೇ ಮೈಯಾಗುವುದು ಅಂತ ಅರ್ಥ. ಎಂಜಿನ್ ಮುಂದೆ, ಶಕ್ತಿ ಹಿಂದಿನ ಚಕ್ರಕ್ಕೆ, ತೂಕ ಆದಷ್ಟು ಕಡಿಮೆ. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷನೆಯ ಕಾರು ಕಾರ್ಖಾನೆಯಿಂದ ಹೊರಬಂತು. ಇಷ್ಟು ಕಾರು ಓಡಾಡುತ್ತಿರುವುದರಿಂದಲೇ ಬಿಡಿಭಾಗ ಇಂದಿಗೂ ಸುಲಭವಾಗಿ ಸಿಗುತ್ತದೆ.

ನನ್ನದು ಎರಡನೇ ತಲೆಮಾರು. ಮಿಯಾಟಾ ಬಳಗದಲ್ಲಿ ಅದನ್ನು ಎನ್‌ಬಿ ಅನ್ನುತ್ತಾರೆ. ಅಮೆರಿಕದಲ್ಲಿ 1999ರ ಮಾಡೆಲ್‌ನಿಂದ 2005ರವರೆಗೆ ಬಂತು. 1.8 ಲೀಟರ್ ಎಂಜಿನ್, 140 ಹಾರ್ಸ್‌ಪವರ್, ತೂಕ ಸುಮಾರು 1,050 ಕೆಜಿ.

ಬಾಕ್ಸ್‌ಟರ್ ಹೆಸರು ಬಾಕ್ಸರ್ ಮತ್ತು ರೋಡ್‌ಸ್ಟರ್ ಎಂಬ ಎರಡು ಪದ ಸೇರಿ ಆದದ್ದು. ರೋಡ್‌ಸ್ಟರ್ ಅಂದರೆ ಟಾಪು ತೆಗೆಯಬಹುದಾದ ಎರಡು ಸೀಟಿನ ಕಾರು. ಬಾಕ್ಸರ್ ಅಂದರೆ ಸಿಲಿಂಡರುಗಳು ನಿಂತಿರುವ ಬದಲು ಎರಡೂ ಕಡೆ ಅಡ್ಡ ಮಲಗಿರುವ ಎಂಜಿನ್. 1993ರಲ್ಲಿ ಡೆಟ್ರಾಯಿಟ್‌ನಲ್ಲಿ ಮಾದರಿ ತೋರಿಸಿದರು, 1996ರಲ್ಲಿ ಮಾರಾಟ ಶುರು. ಆಗ ಪೋರ್ಷೆಗೆ ಕಷ್ಟದ ಕಾಲ. ಕಂಪನಿ ಮತ್ತೆ ಎದ್ದು ನಿಲ್ಲಲು ಈ ಕಾರು ದೊಡ್ಡ ಆಸರೆಯಾಯಿತು. ಖರ್ಚು ಉಳಿಸಲು ಬಾಗಿಲು, ಮುಂಭಾಗ, ಹೆಡ್‌ಲೈಟುಗಳನ್ನು ಪೋರ್ಷೆಯದೇ ಹೆಸರಾಂತ ಕಾರು 911ರ ಆಗಿನ ಹೊಸ ಮಾಡೆಲ್ ಜೊತೆ ಹಂಚಿಕೊಂಡರು. ಎಂಜಿನ್ ಇರುವುದು ಸೀಟಿನ ಬೆನ್ನಿಗೇ, ಕಾರಿನ ನಡುವೆ. ಈ ಮೊದಲ ತಲೆಮಾರಿಗೆ 986 ಅಂತ ಹೆಸರು. ಮೊದಲು 2.5 ಲೀಟರ್, 201 ಹಾರ್ಸ್‌ಪವರ್ ಇತ್ತು. 2000ದಲ್ಲಿ 2.7 ಲೀಟರ್, 217 ಹಾರ್ಸ್‌ಪವರ್ ಆಯಿತು. ಅದೇ ವರ್ಷ 3.2 ಲೀಟರಿನ ಎಸ್ ಮಾಡೆಲ್ 250 ಹಾರ್ಸ್‌ಪವರ್ ಜೊತೆ ಬಂತು.

ಹೊಸದರಲ್ಲಿ ಬಾಕ್ಸ್‌ಟರ್ ಬೆಲೆ ಸುಮಾರು 40,000 ಡಾಲರ್. ಮಿಯಾಟಾ ಸುಮಾರು ಅದರ ಅರ್ಧ. ಈ ಒಂದು ಅಂಕಿ ಮರೆಯಬೇಡಿ. ಕಾರು ಹಳೆಯದಾದಾಗ ಅದರ ಬೆಲೆ ಇಳಿಯುತ್ತದೆ, ಅದರ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ನೀವು 9,000 ಡಾಲರ್ ಕೊಟ್ಟು ತಂದ ಬಾಕ್ಸ್‌ಟರ್‌ಗೆ ಹಾಕಬೇಕಾದ ಕ್ಲಚ್ 40,000 ಡಾಲರ್ ಕಾರಿನದೇ.

ಹೆಜ್ಜೆ 2: ಕೂತು ನೋಡಿ, ಅಕ್ಕಿ ಚೀಲ ಇಟ್ಟು ನೋಡಿ

ಇದನ್ನು ಜನ ಬಿಟ್ಟುಬಿಡುತ್ತಾರೆ. ಫೋಟೋ ನೋಡಿ ಮನಸ್ಸು ಕೊಡುತ್ತಾರೆ. ನೀವು ಆರು ಅಡಿ ಇದ್ದರೆ ಮಿಯಾಟಾದಲ್ಲಿ ಟಾಪು ಮುಚ್ಚಿದಾಗ ತಲೆ ತಾಗಬಹುದು. ಎನ್‌ಬಿಯ ಸ್ಟೀರಿಂಗ್ ಮೇಲೆ ಕೆಳಗೆ ಆಗುವುದಿಲ್ಲ, ಹಿಂದೆ ಮುಂದೆಯೂ ಆಗುವುದಿಲ್ಲ. ಬಾಕ್ಸ್‌ಟರ್‌ನದು ಹಿಂದೆ ಮುಂದೆ ಮಾತ್ರ ಆಗುತ್ತದೆ. ಅರ್ಧ ಗಂಟೆ ಸುಮ್ನೆ ಕೂರಿ. ಮೊಣಕಾಲು ಎಲ್ಲಿ ಬಡಿಯುತ್ತದೆ ನೋಡಿ. ಬೆನ್ನು ನೋವಿದ್ದವರು ಹತ್ತುವುದು ಇಳಿಯುವುದು ಎರಡನ್ನೂ ನಾಲ್ಕೈದು ಸಲ ಮಾಡಿ.

ಮಿಯಾಟಾದ ಡಿಕ್ಕಿ 144 ಲೀಟರ್. ಬ್ಯಾಟರಿಯೂ ಸ್ಪೇರ್ ಟೈರೂ ಅದರಲ್ಲೇ ಇವೆ. ಇಂಡಿಯನ್ ಸ್ಟೋರಿನ 20 ಪೌಂಡಿನ ಸೋನಾ ಮಸೂರಿ ಚೀಲ ಒಂದು, ಒಂದಿಷ್ಟು ತರಕಾರಿ, ಅಲ್ಲಿಗೆ ಮುಗಿಯಿತು. ಬಾಕ್ಸ್‌ಟರ್‌ಗೆ ಮುಂದೊಂದು ಡಿಕ್ಕಿ, ಹಿಂದೊಂದು ಡಿಕ್ಕಿ. ಎರಡೂ ಸೇರಿ 260 ಲೀಟರ್ ಹತ್ತಿರ. ಇಬ್ಬರು ಎರಡು ಮೂರು ದಿನ ಮಾಂಟೆರೆ, ಬಿಗ್ ಸರ್ ಕಡೆ ಹೋಗಿ ಬರಲು ಧಾರಾಳ. ಈ ಒಂದು ವಿಷಯದಲ್ಲಿ ನನ್ನ ಹೆಂಡತಿಯ ಓಟು ಇವತ್ತಿಗೂ ಬಾಕ್ಸ್‌ಟರ್‌ಗೇ.

ಇನ್ನು, ಮನೆಯಲ್ಲಿ ಇದು ಒಂದೇ ಕಾರು ಆಗುವುದಾದರೆ ಎರಡೂ ಬೇಡ. ಮಗುವಿನ ಸೀಟಿಗೆ ಹಿಂದೆ ಜಾಗವೇ ಇಲ್ಲ. ರಿಪೇರಿಗೆ ಬಿಟ್ಟ ವಾರ ಆಫೀಸಿಗೆ ಹೋಗಲು ಬೇರೆ ದಾರಿ ಇರಲೇಬೇಕು.

ಹೆಜ್ಜೆ 3: ದುಡ್ಡನ್ನು ಎರಡು ಪಾಲು ಮಾಡಿ

ನಿಮ್ಮ ಹತ್ತಿರ 10,000 ಡಾಲರ್ ಇದೆ ಅಂದುಕೊಳ್ಳಿ. ಮಿಯಾಟಾ ನೋಡುತ್ತಿದ್ದರೆ 8,000 ಕಾರಿಗೆ, 2,000 ಪಕ್ಕಕ್ಕೆ. ಬಾಕ್ಸ್‌ಟರ್ ನೋಡುತ್ತಿದ್ದರೆ ಪಕ್ಕಕ್ಕಿಡುವುದು ಕನಿಷ್ಠ 4,000. ಇದು ನನ್ನ ಪುಸ್ತಕಗಳಿಂದ ಬಂದ ಲೆಕ್ಕ. ಆ ಪಾಲನ್ನು ಬೇರೆ ಅಕೌಂಟಿನಲ್ಲೇ ಇಡಿ. ಕಾರು ಚೆನ್ನಾಗಿದ್ದರೆ ಆ ದುಡ್ಡು ಅಲ್ಲೇ ಇರುತ್ತದೆ, ಎಲ್ಲೂ ಹೋಗುವುದಿಲ್ಲ.

ಸಣ್ಣ ಉದಾಹರಣೆ ಕೊಡುತ್ತೇನೆ. ಎಂಜಿನ್ ಆಯಿಲ್ ಬದಲಿಸಲು ಮಿಯಾಟಾಗೆ ಬೇಕಾಗುವುದು ಸುಮಾರು 4 ಲೀಟರ್. ಬಾಕ್ಸ್‌ಟರ್‌ಗೆ ಅದರ ದುಪ್ಪಟ್ಟಿಗಿಂತ ಜಾಸ್ತಿ. ಪೆಟ್ರೋಲು ಕೂಡ ಪ್ರೀಮಿಯಮ್ಮೇ ಆಗಬೇಕು. ಟೈರು ದೊಡ್ಡದು, ಹಿಂದಿನದೊಂದು ಅಳತೆ ಮುಂದಿನದೊಂದು ಅಳತೆ. ಹಾಗಾಗಿ ಹಿಂದಿನದನ್ನು ಮುಂದೆ ಹಾಕಿ ಆಯುಸ್ಸು ಹೆಚ್ಚಿಸುವ ಹಾಗೂ ಇಲ್ಲ. ಒಂದೊಂದೂ ಸಣ್ಣದೇ. ಪುಸ್ತಕದಲ್ಲಿ ಸಾಲಾಗಿ ಬರೆದಾಗ ದೊಡ್ಡದಾಗುತ್ತದೆ.

ಅಂದ ಹಾಗೆ, ಪಾಲು ಮಾಡಿದ ಮೇಲೆ ಬಾಕ್ಸ್‌ಟರ್‌ಗೆ ಉಳಿದ 6,000 ಡಾಲರಿಗೆ ಸಿಗುವ ಕಾರುಗಳನ್ನು ನೋಡಿ ಬೇಸರವಾದರೆ, ಇನ್ನೊಂದು ವರ್ಷ ದುಡ್ಡು ಕೂಡಿಸಿ. ಅಗ್ಗದ ಬಾಕ್ಸ್‌ಟರ್‌ಗಳಲ್ಲಿ ಅತಿ ಅಗ್ಗದ್ದು ಕೊನೆಗೆ ಎಲ್ಲಕ್ಕಿಂತ ದುಬಾರಿಯಾಗುತ್ತದೆ.

ಹೆಜ್ಜೆ 4: ಮಿಯಾಟಾ ನೋಡಲು ಹೋದಾಗ

ಎಂಜಿನ್ ಬಗ್ಗೆ ಜಾಸ್ತಿ ಹೆದರಬೇಡಿ. ಇದು ಗಟ್ಟಿ ಎಂಜಿನ್. ಮೊದಲು ನೆಲದ ಮೇಲೆ ಮಲಗಿ ತುಕ್ಕು ನೋಡಿ.

ಟಾಪಿನ ಮೇಲೆ ಬಿದ್ದ ಮಳೆ ನೀರು ಸೀಟಿನ ಹಿಂದೆ ಎರಡೂ ಮೂಲೆಯಲ್ಲಿರುವ ಸಣ್ಣ ಕೊಳವೆಗಳಲ್ಲಿ ಕೆಳಗೆ ಹೋಗಬೇಕು. ಆ ಕೊಳವೆಗೆ ಎಲೆ, ಮಣ್ಣು ಕಟ್ಟಿಕೊಂಡರೆ ನೀರು ಬಾಗಿಲಿನ ಕೆಳಗಿನ ಪಟ್ಟಿಯೊಳಗೆ ನಿಲ್ಲುತ್ತದೆ. ತುಕ್ಕು ಒಳಗಿನಿಂದ ಶುರುವಾಗುತ್ತದೆ. ಹೊರಗೆ ಬಣ್ಣ ಉಬ್ಬಿದ್ದು ಕಾಣುವಾಗ ಒಳಗೆ ಕೆಲಸ ಮುಗಿದಿರುತ್ತದೆ. ಹಿಂದಿನ ಚಕ್ರದ ಮುಂದೆ, ಬಾಗಿಲಿನ ಕೆಳಗೆ ಕೈ ಆಡಿಸಿ ನೋಡಿ. ಎನ್‌ಬಿಯಲ್ಲಿ ಮುಂದಿನ ಚಾಸಿ ಹಳಿಗಳಿಗೂ ತುಕ್ಕು ಬರುತ್ತದೆ. ಮುಂದಿನ ಚಕ್ರಗಳ ಹಿಂಬದಿಗೆ ಟಾರ್ಚ್ ಬಿಟ್ಟು ನೋಡಿ. ಕ್ಯಾಲಿಫೋರ್ನಿಯಾದ ಕಾರಿಗೆ ಈ ಕಾಟ ಕಡಿಮೆ. ನ್ಯೂಜೆರ್ಸಿ, ಮಿಷಿಗನ್ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರಲ್ಲ, ಅಲ್ಲಿ ಓಡಿದ ಕಾರಾದರೆ ಎರಡು ಪಟ್ಟು ಹುಷಾರು. ತುಕ್ಕು ಹಿಡಿದ ಮಿಯಾಟಾ ಎಷ್ಟೇ ಅಗ್ಗವಿದ್ದರೂ ಬಿಟ್ಟು ಬನ್ನಿ. ಇನ್ನೊಂದು ಸಿಗುತ್ತದೆ.

ಆಮೇಲೆ ಬಾನೆಟ್ ತೆಗೆಯಿರಿ. ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಟ್ಯಾಂಕ್ ಕಪ್ಪಾಗಿದ್ದರೆ ಒಳ್ಳೆಯದು. ಕಂದು ಅಥವಾ ಹಸಿರು ಬಣ್ಣಕ್ಕೆ ತಿರುಗಿದ್ದರೆ ಅದು ಒಡೆಯುವ ಕಾಲ ಹತ್ತಿರ ಬಂದಿದೆ. ಎಂಜಿನ್ನಿನ ವಾಲ್ವ್‌ಗಳನ್ನು ಪಿಸ್ಟನ್ ಜೊತೆ ತಾಳದಲ್ಲಿಡುವ ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು ಅಂತ ಕೇಳಿ, ರಸೀದಿ ತೋರಿಸಲು ಹೇಳಿ. 60,000 ಮೈಲಿಗೊಮ್ಮೆ ಬದಲಿಸುವುದು ವಾಡಿಕೆ. ಬೆಲ್ಟ್ ಜೊತೆಗೇ ವಾಟರ್ ಪಂಪೂ ಹಾಕಿಸಿದ್ದರೆ ಆ ಮಾಲೀಕ ತಿಳಿದವನು. 1999, 2000ದ ಎಂಜಿನ್‌ನಲ್ಲಿ ಬೆಲ್ಟ್ ತುಂಡಾದರೆ ಕಾರು ನಿಲ್ಲುತ್ತದೆ ಅಷ್ಟೇ, ವಾಲ್ವ್ ಪಿಸ್ಟನ್‌ಗೆ ಬಡಿದು ಎಂಜಿನ್ ಹಾಳಾಗುವುದಿಲ್ಲ. ಹಾಗಾಗಿ ಬೆಲ್ಟ್ ಆಗಿಲ್ಲ ಅನ್ನುವುದು ಕಾರು ಬಿಡಲು ಕಾರಣ ಅಲ್ಲ, ಬೆಲೆ ಇಳಿಸಲು ಕಾರಣ.

ಕ್ಲಚ್ ಒತ್ತಿ ನೋಡಿ. ಕಾಲಿಗೆ ಸ್ಪಂಜಿನ ಹಾಗೆ ಅನ್ನಿಸಿದರೆ, ಗೇರು ಬೀಳಲು ತಕರಾರು ಮಾಡಿದರೆ ಸಾಮಾನ್ಯವಾಗಿ ಕ್ಲಚ್ ಹೋಗಿರುವುದಿಲ್ಲ, ದ್ರವದ ಒತ್ತಡದಿಂದ ಕ್ಲಚ್ ತಳ್ಳುವ ಸ್ಲೇವ್ ಸಿಲಿಂಡರ್ ಹೋಗಿರುತ್ತದೆ. ಈ ಕಾರಿನಲ್ಲಿ ಅದು ಮಾಮೂಲು. ಭಾಗ ಅಗ್ಗ, ಮನೆಯಲ್ಲೇ ಹಾಕಬಹುದು. ಓಡಿಸುವಾಗ ಗೇರ್ ಲಿವರ್ ಸುತ್ತ ಬಿಸಿ ಗಾಳಿ, ಸದ್ದು ಜಾಸ್ತಿ ಬಂದರೆ ಕೆಳಗಿನ ರಬ್ಬರ್ ಬೂಟು ಹರಿದಿದೆ. ಲಿವರಿನ ಬುಡದಲ್ಲಿ ಒಂದು ಪುಟ್ಟ ಎಣ್ಣೆ ಬಟ್ಟಲಿದೆ. ರಬ್ಬರ್ ಬದಲಿಸಿ ಆ ಬಟ್ಟಲಿಗೆ ಹೊಸ ಎಣ್ಣೆ ಹಾಕಿದ ದಿನ ಗೇರು ಹೇಗೆ ಬಿತ್ತು ಗೊತ್ತಾ! ಒಂದು ಶನಿವಾರ ಮಧ್ಯಾಹ್ನದ ಕೆಲಸ. ನನ್ನ ಪುಸ್ತಕದಲ್ಲಿ ಅತಿ ಕಡಿಮೆ ಖರ್ಚಿಗೆ ಅತಿ ಹೆಚ್ಚು ಖುಷಿ ಕೊಟ್ಟ ಸಾಲು ಅದೇ.

ಹೆಜ್ಜೆ 5: ಬಾಕ್ಸ್‌ಟರ್ ನೋಡಲು ಹೋದಾಗ

ಇಲ್ಲಿ ನಿಧಾನವಾಗಿ ಓದಿ.

ಬಾಕ್ಸ್‌ಟರ್ ಅಂದ ಕೂಡಲೇ ಎಲ್ಲರೂ ಹೇಳುವ ಮೂರಕ್ಷರ ಐಎಂಎಸ್. ಇಂಟರ್‌ಮೀಡಿಯೆಟ್ ಶಾಫ್ಟ್. ಎಂಜಿನ್ನಿನ ಕ್ರ್ಯಾಂಕಿನಿಂದ ವಾಲ್ವ್ ತೆರೆಯುವ ಕ್ಯಾಮ್‌ಗಳಿಗೆ ಚಲನೆ ಸಾಗಿಸುವ ಮಧ್ಯದ ಶಾಫ್ಟ್ ಅದು. ಅದರ ಒಂದು ತುದಿ ಒಂದು ಬಾಲ್ ಬೇರಿಂಗ್ ಮೇಲೆ ಕೂತಿದೆ. ಆ ಬೇರಿಂಗ್ ಸವೆದು ಪುಡಿಯಾದರೆ ಚೈನಿನ ತಾಳ ತಪ್ಪುತ್ತದೆ. ವಾಲ್ವ್ ಪಿಸ್ಟನ್‌ಗೆ ಬಡಿಯುತ್ತದೆ, ಲೋಹದ ಚೂರು ಆಯಿಲ್ ಜೊತೆ ಎಲ್ಲ ಕಡೆ ಹರಡುತ್ತದೆ. ಆಮೇಲೆ ಎಂಜಿನ್ನೇ ಬದಲಿಸಬೇಕು. ಅದರ ಖರ್ಚು ಕಾರಿನ ಬೆಲೆಯನ್ನೂ ಮೀರಬಹುದು.

ಮೊದಲ ವರ್ಷಗಳಲ್ಲಿ, ಅಂದರೆ 1997ರಿಂದ 1999ರವರೆಗೆ, ಈ ಬೇರಿಂಗ್‌ಗೆ ಎರಡು ಸಾಲು ಗುಂಡುಗಳಿದ್ದವು. 2000, 2001ರ ಸುಮಾರಿಗೆ ಒಂದೇ ಸಾಲಿಗೆ ಇಳಿಸಿದರು. ತೊಂದರೆ ಹೆಚ್ಚು ಕಂಡಿದ್ದು ಈ ಒಂದು ಸಾಲಿನದರಲ್ಲಿ. 2001ರಿಂದ 2005ರವರೆಗಿನ ಕಾರುಗಳ ಮಾಲೀಕರು ಅಮೆರಿಕದಲ್ಲಿ ಗುಂಪಾಗಿ ಮೊಕದ್ದಮೆ ಹೂಡಿದರು. 2013ರಲ್ಲಿ ಅದು ರಾಜಿಯಾಯಿತು. ಆ ಮೊಕದ್ದಮೆಯಿಂದ ಹೊರಬಂದ ಅಂಕಿ ಪ್ರಕಾರ, ಒಂದು ಸಾಲಿನ ಬೇರಿಂಗ್ ಸುಮಾರು ಶೇ 8ರಷ್ಟು ಕಾರುಗಳಲ್ಲಿ ಕೈಕೊಟ್ಟಿತ್ತು, ಎರಡು ಸಾಲಿನದು ಶೇ 1ಕ್ಕಿಂತ ಕಡಿಮೆ.

ಶೇ 8 ಅನ್ನುವುದನ್ನು ಎರಡು ರೀತಿ ಓದಬಹುದು. ನೂರರಲ್ಲಿ 92 ಕಾರಿಗೆ ಏನೂ ಆಗಿಲ್ಲ. ಆದರೆ ನಿಮ್ಮದು ಉಳಿದ ಎಂಟರಲ್ಲಿ ಒಂದಾದರೆ ಪೂರ್ತಿ ನಷ್ಟ. ನನ್ನ ಸಲಹೆ ಇಷ್ಟು. ಬೇರಿಂಗ್ ಈಗಾಗಲೇ ಬದಲಿಸಿದ, ರಸೀದಿ ಇರುವ ಕಾರು ಹುಡುಕಿ. ಬರೀ ಬಾಯಿ ಮಾತು ಸಾಲದು, ಯಾಕೆಂದರೆ ಗೇರ್‌ಬಾಕ್ಸ್ ಇಳಿಸದೆ ಅದನ್ನು ನೋಡಲು ಆಗುವುದಿಲ್ಲ. ಸಿಗದಿದ್ದರೆ, ಕ್ಲಚ್ ಸವೆದಿರುವ ಕಾರನ್ನು ಬೆಲೆ ಇಳಿಸಿ ಕೊಳ್ಳಿ. ಕ್ಲಚ್ ಹಾಕಲು ಹೇಗೂ ಗೇರ್‌ಬಾಕ್ಸ್ ಇಳಿಸಬೇಕು. ಆಗಲೇ ಬೇರಿಂಗ್ ಬದಲಿಸಬಹುದು, ಹಾಗೆಯೇ ಅಲ್ಲಿಂದ ಎಣ್ಣೆ ಸೋರುವ ರಿಯರ್ ಮೇನ್ ಸೀಲೂ ಬದಲಿಸಬಹುದು. ಒಂದೇ ಕೂಲಿಗೆ ಮೂರು ಕೆಲಸ. ನಾನು ಹೀಗೆಯೇ ಮಾಡಿದೆ. ನಾಲ್ಕು ವರ್ಷದಲ್ಲಿ ಕೊಟ್ಟ ಅತಿ ದೊಡ್ಡ ಬಿಲ್ ಅದು. ಅದಾದ ಮೇಲೆ ರಾತ್ರಿ ನೆಮ್ಮದಿಯಾಗಿ ನಿದ್ದೆ ಬಂತು.

ಕೊಳ್ಳುವ ಮೊದಲು ಪೋರ್ಷೆ ಗೊತ್ತಿರುವ, ಮಾರುವವನಿಗೆ ಸಂಬಂಧ ಇಲ್ಲದ ಮೆಕ್ಯಾನಿಕ್ ಹತ್ತಿರ ಪರೀಕ್ಷೆ ಮಾಡಿಸಲೇಬೇಕು. ಮಿಯಾಟಾಗೆ ಇದು ಒಳ್ಳೆಯದು, ಬಾಕ್ಸ್‌ಟರ್‌ಗೆ ಕಡ್ಡಾಯ. ಎರಡು ವಿಷಯ ಕೇಳಿ ಮಾಡಿಸಿ. ಒಂದು, ಆಯಿಲ್ ಫಿಲ್ಟರ್ ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡುವುದು. ಮಿನುಗುವ ಲೋಹದ ಚೂರು ಕಂಡರೆ ಅಲ್ಲಿಗೇ ಕೈಮುಗಿದು ಬನ್ನಿ. ಎರಡು, ಕಾರಿನ ಕಂಪ್ಯೂಟರಿನಿಂದ ಓವರ್-ರೆವ್ ವರದಿ ತೆಗೆಸುವುದು. ಐದನೇ ಗೇರಿನಿಂದ ನಾಲ್ಕಕ್ಕೆ ಹಾಕುವ ಬದಲು ತಪ್ಪಿ ಎರಡಕ್ಕೆ ಹಾಕಿದರೆ ಎಂಜಿನ್ ಮಿತಿ ಮೀರಿ ತಿರುಗುತ್ತದೆ. ಆ ತಪ್ಪು ಎಷ್ಟು ಸಲ ಆಗಿದೆ, ಎಂಜಿನ್ ಎಷ್ಟು ಗಂಟೆ ಓಡಿದ್ದಾಗ ಆಗಿದೆ ಅಂತ 2000ದ ನಂತರದ ಕಾರುಗಳು ನೆನಪಿಟ್ಟುಕೊಳ್ಳುತ್ತವೆ. ನಾನು ಮೊದಲು ಇಷ್ಟಪಟ್ಟಿದ್ದು ಒಂದು ಬೆಳ್ಳಿ ಬಣ್ಣದ ಕಾರು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ವರದಿ ನೋಡಿ ಬಿಟ್ಟೆ. ಎರಡು ದಿನ ಬೇಜಾರಾಗಿತ್ತು. ಆಮೇಲೆ ಸಿಕ್ಕ ಕಾರು ನೋಡಲು ಅಷ್ಟು ಚಂದ ಇರಲಿಲ್ಲ, ಆದರೆ ಅದರ ಜೊತೆ ಒಂದು ದಪ್ಪ ಫೈಲು ಬಂತು. 2001ರಿಂದ ಒಂದು ರಸೀದಿಯೂ ಬಿಟ್ಟಿರಲಿಲ್ಲ. ಅಂಥ ಫೈಲು ಕಂಡರೆ ಬಣ್ಣ ಮಾಸಿದ್ದರೂ ಪರವಾಗಿಲ್ಲ, ತೆಗೆದುಕೊಳ್ಳಿ.

ಎಂಜಿನ್ ಶುರು ಮಾಡುವಾಗ ಹಿಂದೆ ನಿಂತು ಹೊಗೆ ನೋಡಿ. ಒಂದೆರಡು ಸೆಕೆಂಡು ಬಂದು ನಿಂತರೆ ಹೆದರಬೇಡಿ. ಸಿಲಿಂಡರು ಮಲಗಿರುವುದರಿಂದ ಚೂರು ಎಣ್ಣೆ ಒಳಗೆ ಜಿನುಗಿರುತ್ತದೆ. ಮೋಡದ ಹಾಗೆ ಬಂದು ನಿಲ್ಲದೇ ಇದ್ದರೆ ಎಂಜಿನ್ನಿನ ಗಾಳಿಯಿಂದ ಎಣ್ಣೆ ಬೇರ್ಪಡಿಸುವ ಏರ್-ಆಯಿಲ್ ಸೆಪರೇಟರ್ ಹೋಗಿದೆ. ಹಿಂದಿನ ಡಿಕ್ಕಿಯ ಕಾರ್ಪೆಟ್ ಎತ್ತಿ ಮುಟ್ಟಿ ನೋಡಿ. ಒದ್ದೆ ಇದ್ದು ಸಿಹಿ ವಾಸನೆ ಬಂದರೆ ಕೂಲೆಂಟ್ ಟ್ಯಾಂಕ್ ಬಿರುಕು ಬಿಟ್ಟಿದೆ. ಮುಂದಿನ ಬಂಪರಿನ ಎರಡು ಬಾಯಿಗಳಲ್ಲಿ ಟಾರ್ಚ್ ಹಾಕಿ. ಅಲ್ಲೇ ರೇಡಿಯೇಟರುಗಳಿವೆ, ಅವುಗಳ ಮುಂದೆ ಎಸಿ ಕಂಡೆನ್ಸರ್. ವರ್ಷಗಟ್ಟಲೆ ಒಣಗಿದ ಎಲೆ ಅಲ್ಲಿ ಕೊಳೆತು ಲೋಹವನ್ನು ತಿನ್ನುತ್ತದೆ.

ಎಲೆ ಅಂದಾಗ ನನ್ನ ತಪ್ಪೊಂದನ್ನು ಹೇಳಬೇಕು. ಬಾಕ್ಸ್‌ಟರ್‌ಗೂ ಟಾಪಿನ ನೀರು ಇಳಿಯುವ ಕೊಳವೆಗಳಿವೆ. ಒಂದು ಚಳಿಗಾಲ ಪೂರ್ತಿ ಕಾರನ್ನು ಓಕ್ ಮರದ ಕೆಳಗೆ ನಿಲ್ಲಿಸಿ, ಕೊಳವೆ ಶುಚಿ ಮಾಡದೇ ಬಿಟ್ಟೆ. ಜನವರಿಯ ಮಳೆಗೆ ನೀರು ಒಳಗೆ ಬಂತು. ಅಲಾರಂ ಮತ್ತು ಲಾಕಿನ ಕಂಪ್ಯೂಟರ್ ಪೆಟ್ಟಿಗೆ ಇರುವುದು ಡ್ರೈವರ್ ಸೀಟಿನ ಕೆಳಗೆ, ಕಾರ್ಪೆಟ್ ಮಟ್ಟದಲ್ಲೇ. ಅದು ನೆನೆಯಿತು. ಒಂದು ಬೆಳಿಗ್ಗೆ ಕೀಲಿ ಒತ್ತಿದರೆ ಕಾರು ಮಾತೇ ಆಡಲಿಲ್ಲ. ಹತ್ತು ನಿಮಿಷದ ಶುಚಿ ಕೆಲಸ ತಪ್ಪಿಸಿದ್ದಕ್ಕೆ ಪುಸ್ತಕದಲ್ಲಿ ಒಂದು ಪುಟ ತುಂಬಿತು. ನೀವು ನೋಡಲು ಹೋದ ಕಾರಿನ ಆ ಸೀಟಿನ ಕೆಳಗೆ ಕೈ ಹಾಕಿ, ಕಾರ್ಪೆಟ್ ಒಣಗಿದೆಯಾ ನೋಡಿ.

2002ರವರೆಗಿನ ಬಾಕ್ಸ್‌ಟರ್‌ಗೆ ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದು, 2003ರಿಂದ ಗಾಜು. ಪ್ಲಾಸ್ಟಿಕ್ ಇದ್ದರೆ ಟಾಪು ಅರ್ಧ ಮಡಚಿದಾಗ ಬಟನ್ ಬಿಟ್ಟು, ಇಳಿದು, ಕಿಟಕಿ ಸರಿಯಾಗಿ ಮಡಚುವ ಹಾಗೆ ಕೈಯಿಂದ ತಟ್ಟಬೇಕು. ಇಲ್ಲದಿದ್ದರೆ ಗೆರೆ ಬಿದ್ದು ಸೀಳುತ್ತದೆ. ಎನ್‌ಬಿ ಮಿಯಾಟಾಗೆ ಮೊದಲಿನಿಂದಲೂ ಗಾಜಿನ ಕಿಟಕಿ. ಅದರ ಟಾಪು ಸಿಗ್ನಲ್ಲಿನಲ್ಲಿ ಕೂತಲ್ಲೇ ಹಿಂದಕ್ಕೆ ಎಸೆಯಬಹುದು, ಮೋಟಾರೂ ಇಲ್ಲ, ಕೆಡುವ ಭಯವೂ ಇಲ್ಲ. ಬಾಕ್ಸ್‌ಟರ್‌ನದು ಹ್ಯಾಂಡ್‌ಬ್ರೇಕ್ ಎಳೆದರೆ ಮಾತ್ರ ಅಲುಗುತ್ತದೆ.

ಹೆಜ್ಜೆ 6: ಓಡಿಸಿ ನೋಡಿ, ಆದರೆ ಹೈವೇಯಲ್ಲಲ್ಲ

ಹೈವೇಯಲ್ಲಿ ಬಾಕ್ಸ್‌ಟರ್ ಗೆಲ್ಲುತ್ತದೆ. ಎಲ್ಲರಿಗೂ ಗೊತ್ತಿರುವ ವಿಷಯ. ಮಿಯಾಟಾ ಗಂಟೆಗೆ 70 ಮೈಲಿ ದಾಟಿದರೆ ಗಾಳಿ ಸದ್ದು, ಎಂಜಿನ್ ಸದ್ದು ಎರಡೂ ಸೇರಿ ಮಾತು ಕೇಳಿಸುವುದಿಲ್ಲ. ಮಾರುವವರು ಒಪ್ಪಿದರೆ ತಿರುವಿನ ರಸ್ತೆಗೆ ಹೋಗಿ.

ನನ್ನ ರಸ್ತೆ ಹೈವೇ 9. ಸ್ಯಾರಟೋಗಾದಿಂದ ಮೇಲೆ ಹೋಗಿ, ಬೆಟ್ಟದ ನೆತ್ತಿಯಲ್ಲಿ ಹೈವೇ 35 ಹಿಡಿದು ಉತ್ತರಕ್ಕೆ. ಮಿಯಾಟಾದಲ್ಲಿ ಅಲ್ಲಿ ಎರಡನೇ ಗೇರು, ಮೂರನೇ ಗೇರು, ಮತ್ತೆ ಎರಡನೇ ಗೇರು. ಎಂಜಿನ್‌ನ ಪೂರ್ತಿ ಶಕ್ತಿ ಬಳಸಿದರೂ ಸ್ಪೀಡ್ ಲಿಮಿಟ್ ಹತ್ತಿರವೇ ಇರುತ್ತೀರಿ. ಸ್ಟೀರಿಂಗ್ ಕೈಗೆ ರಸ್ತೆಯ ಪ್ರತಿ ಕಲ್ಲನ್ನೂ ಹೇಳುತ್ತದೆ. ತಪ್ಪು ಮಾಡಿದರೆ ಕಾರು ಮೊದಲೇ ಹೇಳುತ್ತದೆ, ತಿದ್ದಿಕೊಳ್ಳಲು ಸಮಯ ಕೊಡುತ್ತದೆ. ನಾನು ಓಡಿಸಲು ಕಲಿತದ್ದು ಈ ಕಾರಿನಲ್ಲಿ. ಅದಕ್ಕೆ ಮೊದಲು ಕಾರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತಿದ್ದೆ ಅಷ್ಟೇ.

ಬಾಕ್ಸ್‌ಟರ್ ಅದೇ ರಸ್ತೆಯನ್ನು ಬೇರೆಯದೇ ರಸ್ತೆ ಮಾಡುತ್ತದೆ. ತೂಕ ನಡುವೆ ಇರುವುದರಿಂದ ಸ್ಟೀರಿಂಗ್ ತಿರುಗಿಸಿದ ಕ್ಷಣವೇ ಮೂತಿ ತಿರುಗುತ್ತದೆ. ಬ್ರೇಕ್ ಗೋಡೆಯ ಹಾಗೆ ಹಿಡಿಯುತ್ತದೆ. ಎಂಜಿನ್ ನಿಮಿಷಕ್ಕೆ 4,500 ಸುತ್ತು ದಾಟಿದ ಮೇಲೆ ಬೆನ್ನ ಹಿಂದಿನಿಂದ ಬರುವ ಆ ಆರು ಸಿಲಿಂಡರಿನ ಸದ್ದು, ಅದನ್ನು ಈಗಲೂ ನೆನೆಸಿಕೊಳ್ಳುತ್ತೇನೆ. ಮಿಯಾಟಾದ ಹತ್ತಿರ ಅಂಥ ಸದ್ದಿಲ್ಲ. ಒಂದು ಎಚ್ಚರಿಕೆ ಮಾತ್ರ ಮನಸ್ಸಿನಲ್ಲಿಡಿ. ತಿರುವಿನ ನಡುವೆ ಹೆದರಿ ಒಮ್ಮೆಲೇ ಆಕ್ಸಿಲರೇಟರ್ ಬಿಡಬೇಡಿ. ತೂಕ ಮುಂದಕ್ಕೆ ಬಂದು ಹಿಂಬದಿ ಹಗುರಾಗುತ್ತದೆ, ಕಾರು ಗಿರಕಿ ಹೊಡೆಯಬಹುದು. ವೇಗ ಇಳಿಸುವುದು ತಿರುವಿಗೆ ಮೊದಲು, ನೇರ ರಸ್ತೆಯಲ್ಲೇ.

ಆದರೆ ಬಾಕ್ಸ್‌ಟರ್‌ನ ಪೂರ್ತಿ ಶಕ್ತಿ ಆ ರಸ್ತೆಯಲ್ಲಿ ಬಳಸಲು ಬರುವುದಿಲ್ಲ. ಮೂರನೇ ಗೇರಿನಲ್ಲಿ ಅದು ಬಾಯಿ ಬಿಡುವ ಹೊತ್ತಿಗೆ ಲೈಸೆನ್ಸ್ ಹೋಗುವ ವೇಗದಲ್ಲಿರುತ್ತೀರಿ. ನಾನು ಎರಡು ಕಾರುಗಳ ನಡುವೆ ಆರಿಸಲು ಕೂತಾಗ ಇದೇ ತೀರ್ಮಾನ ಮಾಡಿತು. ನಿಮಗೆ ರೇಸ್ ಟ್ರ್ಯಾಕಿಗೆ ಹೋಗುವ ಆಸೆ ಇದ್ದರೆ, ದೂರದ ಪ್ರಯಾಣ ಜಾಸ್ತಿ ಇದ್ದರೆ, ಲೆಕ್ಕ ಬೇರೆಯಾಗಬಹುದು.

ಹೆಜ್ಜೆ 7: ಕಾಗದ ಪತ್ರ

ಕ್ಯಾಲಿಫೋರ್ನಿಯಾದಲ್ಲಿ ಇಂಥ ಹಳೆಯ ಕಾರಿಗೆ ಸ್ಮಾಗ್ ಸರ್ಟಿಫಿಕೇಟ್ (ಹೊಗೆ ತಪಾಸಣೆಯ ಪತ್ರ) ಮಾಡಿಸಿಕೊಡುವುದು ಮಾರುವವರ ಜವಾಬ್ದಾರಿ. ಅದಿಲ್ಲದೆ ದುಡ್ಡು ಕೊಡಬೇಡಿ. "ನೀವೇ ಮಾಡಿಸಿಕೊಳ್ಳಿ, 200 ಡಾಲರ್ ಬಿಡುತ್ತೇನೆ" ಅಂದರೆ ಎದ್ದು ಬನ್ನಿ. ಕಾರಿನ ಕಂಪ್ಯೂಟರ್ ಓದುವ ಅಗ್ಗದ ಓಬಿಡಿ ರೀಡರ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಎರಡು ಕಾರಿಗೂ ಅದು ಕೆಲಸ ಮಾಡುತ್ತದೆ. ಮಾನಿಟರುಗಳು, ಅಂದರೆ ಹೊಗೆಯ ಬಗ್ಗೆ ಕಾರು ತಾನೇ ಮಾಡಿಕೊಳ್ಳುವ ಪರೀಕ್ಷೆಗಳು, ತಯಾರಿಲ್ಲ ಅಂತ ತೋರಿಸಿದರೆ ಯಾರೋ ಇತ್ತೀಚೆಗೆ ಎಚ್ಚರಿಕೆ ದೀಪ ಆರಿಸಿದ್ದಾರೆ, ಇಲ್ಲವೇ ಬ್ಯಾಟರಿ ತೆಗೆದು ಹಾಕಿದ್ದಾರೆ.

ಟೈಟಲ್, ಅಂದರೆ ಮಾಲೀಕತ್ವದ ಪತ್ರದ ಮೇಲೆ ಸ್ಯಾಲ್ವೇಜ್ (ಒಮ್ಮೆ ಪೂರ್ತಿ ಹಾಳಾದ ಕಾರು) ಅಂತ ಇದ್ದರೆ ಬೇಡ. ಕೊಂಡ ಮೇಲೆ 10 ದಿನದೊಳಗೆ ಡಿಎಂವಿಯಲ್ಲಿ (ಇಲ್ಲಿನ ಆರ್‌ಟಿಓ) ಹೆಸರು ಬದಲಿಸಿ. ಇನ್ಶೂರೆನ್ಸ್ ಎಷ್ಟಾಗುತ್ತದೆ ಅಂತ ಕೊಳ್ಳುವ ಮೊದಲೇ ಕೇಳಿ.

ಊರಿನಿಂದ ಫೋನು ಮಾಡಿದಾಗ ತಮ್ಮ ಕೇಳುತ್ತಾನೆ, "ವಾಪಸ್ ಬರುವಾಗ ಕಾರು ತರೋಕಾಗುತ್ತಾ?" ಆಗುವುದಿಲ್ಲ. ಬಳಸಿದ ಕಾರು ಭಾರತಕ್ಕೆ ಬರಬೇಕಾದರೆ ತಯಾರಾಗಿ 3 ವರ್ಷ ಮೀರಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ಇಪ್ಪತ್ತು ವರ್ಷ ದಾಟಿದ ಅಮೆರಿಕದ ಕಾರು ಎರಡರಲ್ಲೂ ಫೇಲು. ಅವನು ಇಲ್ಲಿಗೆ ಬಂದಾಗ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತೇನೆ.

ಹೆಜ್ಜೆ 8: ಮನೆಗೆ ತಂದ ಮೊದಲ ತಿಂಗಳು

ಎಲ್ಲ ದ್ರವಗಳನ್ನೂ ಬದಲಿಸಿ. ಎಂಜಿನ್ ಆಯಿಲ್, ಗೇರ್ ಆಯಿಲ್, ಬ್ರೇಕ್ ಫ್ಲೂಯಿಡ್, ಕೂಲೆಂಟ್. ಹಿಂದಿನವರು ಮಾಡಿಸಿದ್ದೇವೆ ಅಂದರೂ ಮಾಡಿ. ಆ ದಿನದಿಂದ ನಿಮ್ಮ ಲೆಕ್ಕ ಶುರು.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2318 ಅಂದರೆ 2018ರ 23ನೇ ವಾರ ತಯಾರಾದದ್ದು. ಇಂಥ ಕಾರುಗಳು ಕಡಿಮೆ ಓಡುವುದರಿಂದ ಟೈರಿನ ಹಲ್ಲು ಹೊಸದರ ಹಾಗೇ ಇರುತ್ತದೆ, ರಬ್ಬರ್ ಮಾತ್ರ ಕಲ್ಲಾಗಿರುತ್ತದೆ. ಆರು ವರ್ಷ ದಾಟಿದ್ದರೆ ನಾಲ್ಕೂ ಬದಲಿಸಿ. ನಾನು ಮಿಯಾಟಾಗೆ ಮಾಡಿದ ಮೊದಲ ಖರ್ಚು ಇದು. ಕಾರೇ ಬೇರೆಯಾಯಿತು ಅನ್ನಿಸಿತು.

ಟಾಪಿನ ಕೊಳವೆಗಳನ್ನು ಶುಚಿ ಮಾಡಿ, ಒಂದು ಚೊಂಬು ನೀರು ಹಾಕಿ, ಕೆಳಗೆ ಬರುತ್ತಾ ನೋಡಿ. ಪ್ರತಿ ಮಳೆಗಾಲಕ್ಕೆ ಮೊದಲು ಮತ್ತೊಮ್ಮೆ.

ಬಾಕ್ಸ್‌ಟರ್ ಕೊಂಡಿದ್ದರೆ, ಆಯಿಲ್ ಬದಲಿಸಿದ ಪ್ರತಿ ಸಲ ಹಳೆಯ ಫಿಲ್ಟರ್ ಕತ್ತರಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಮತ್ತೆ, ಕಾರನ್ನು ಓಡಿಸಿ. ಗ್ಯಾರೇಜಿನಲ್ಲಿ ಮುಚ್ಚಿಟ್ಟರೆ ಸೀಲುಗಳು ಒಣಗುತ್ತವೆ, ಬ್ಯಾಟರಿ ಸಾಯುತ್ತದೆ.

ಮಗಳು ಹುಟ್ಟಿದ ವರ್ಷ ಎರಡರಲ್ಲಿ ಒಂದನ್ನು ಕೊಡಬೇಕಾಯಿತು. ಎರಡು ಪುಸ್ತಕವನ್ನೂ ಮೇಜಿನ ಮೇಲಿಟ್ಟು ನೋಡಿದೆ. ಬಾಕ್ಸ್‌ಟರ್‌ನದು ದಪ್ಪ. ಆದರೆ ಮಿಯಾಟಾದ ಪುಸ್ತಕದಲ್ಲಿ ಹೋಗಿ ಬಂದ ಊರುಗಳ ಹೆಸರು ಜಾಸ್ತಿ ಇದ್ದವು. ಬಾಕ್ಸ್‌ಟರ್ ಕೊಳ್ಳಲು ಬಂದವರಿಗೆ ಹಳೆಯ ಫೈಲಿನ ಜೊತೆ ನನ್ನ ಪುಸ್ತಕವನ್ನೂ ಕೊಟ್ಟೆ. ಅವರು ಅದನ್ನು ಕಾರಿಗಿಂತ ಹೆಚ್ಚು ಹೊತ್ತು ನೋಡಿದರು. ಆಮೇಲೆ ಚೌಕಾಸಿ ಮಾಡದೆ ಒಪ್ಪಿದರು.

ಮಿಯಾಟಾ ಈಗ ಮತ್ತೆ ಬೆಲ್ಟ್ ಬದಲಿಸುವ ಮೈಲಿಗೆ ಬಂದಿದೆ. ಬೆಲ್ಟ್, ವಾಟರ್ ಪಂಪ್, ಎರಡು ಸೀಲು ತಂದಿಟ್ಟಿದ್ದೇನೆ. ಈ ಶನಿವಾರ ಶುರು ಮಾಡಿದರೆ ಭಾನುವಾರ ಬೆಳಿಗ್ಗೆ ಆರೂವರೆಗೆ ತಯಾರಿರಬೇಕು.